ಒಲೆಯ ಬದಿಯಲ್ಲಿ ಬೆಳೆದ ಮೂರ್ಜೊ

ಮನೆಯಲ್ಲಿ ಏನು ಕೆಟ್ಟರೂ ಅದು ನನ್ನ ತವರಿನಿಂದಲೇ ಬಂದದ್ದು ಎಂಬುದು ನನ್ನ ಗಂಡ ವೇಲ್ಕೊನ ತೀರ್ಮಾನ. ನಮ್ಮ ನಾಯಿ ಮೂರ್ಜೊನ ವಿಷಯದಲ್ಲೂ ಹಾಗೇ ಆಯಿತು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ನಾಯಿಯ ಸಂತತಿ ಅದು. ಪಿರಿನ್ ಬೆಟ್ಟದ ತೋಳಗಳಿಗೆ ಎದೆಯೊಡ್ಡಿ ನಿಲ್ಲುವ ತಳಿ. ಆದರೆ ಕುರಿಗಳ ಜೊತೆ ಬಿಟ್ಟರೆ ಸಾಕು, ಮೂರ್ಜೊ ಮನೆಗೆ ಓಡಿಬರುತ್ತಿತ್ತು.

"ನಿಮ್ಮಪ್ಪನ ಮನೆ ರಕ್ತ ಕಣೇ, ಹೇಡಿ ರಕ್ತ!" ಎಂದ ವೇಲ್ಕೊ. "ವಸಂತದ ಗಿಯೋರ್ಗಿ ಹಬ್ಬಕ್ಕೆ ಕುರಿಹಿಂಡು ಮೇಯೋಕೆ ಬೆಟ್ಟ ಹತ್ತುತ್ತೆ. ಅವತ್ತೂ ಇದು ಓಡಿಬಂತೋ, ಪೇಟೆ ಗೋದಾಮಿನವನಿಗೆ ಕೊಟ್ಟುಬಿಡ್ತೀನಿ. ಸರಪಳೀಲಿ ಬಿದ್ದಿರಲಿ."

"ಚಳಿಗಾಲದಲ್ಲಿ ತೋಳದ ಕಿವಿ ಹರೀತಲ್ಲ ಇದರ ತಂಗಿ, ಅದು ಯಾರ ರಕ್ತ? ನಿಮ್ಮಮ್ಮಂದಾ?"

ಅವನು ಬಾಗಿಲು ದಡಾರನೆ ಹಾಕಿಕೊಂಡು ಹೋದ. ಬಯಲಲ್ಲಿ ತಿರುಗಬೇಕಾದ ಜೀವ ಸರಪಳಿಯಲ್ಲಿ ಕೊಳೆಯಬೇಕೇ? ರಕ್ತದಲ್ಲಿ ದೋಷವಿಲ್ಲವೆಂದು ನನಗೆ ಖಾತ್ರಿಯಿತ್ತು. ಹಿಂಡು ಕಾಯಬೇಕಾದ ಮರಿಯನ್ನು ಎಳೆಯದರಲ್ಲೇ ಕುರಿಮರಿಗಳ ನಡುವೆ ಬಿಡಬೇಕು, ಮುದ್ದು ಮಾಡಬಾರದು. ತಂಗಿ ಹಾಗೆ ಬೆಳೆಯಿತು. ಬಡಕಲು ಮೂರ್ಜೊ ಬೆಳೆದದ್ದು ನಮ್ಮ ಒಲೆಯ ಪಕ್ಕ, ಹೆಬ್ಬಾತಿನ ಮರಿಗಳ ಬುಟ್ಟಿಯಲ್ಲಿ.

ಹಬ್ಬದ ದಿನ ವೇಲ್ಕೊ ಅದನ್ನು ಹಗ್ಗ ಕಟ್ಟಿ ಬೆಟ್ಟಕ್ಕೆ ಎಳೆದೊಯ್ದ. ಮಧ್ಯಾಹ್ನದೊಳಗೆ ಮೂರ್ಜೊ ಅಂಗಳಕ್ಕೆ ವಾಪಸು ಬಂದು, ನನ್ನತ್ತ ತಿರುಗಿಯೂ ನೋಡದೆ ಹಳ್ಳದ ಕಡೆ ಓಡಿತು. ಹಿಂದೆಯೇ ವೇಲ್ಕೊ, ಕೈಯಲ್ಲಿ ಹಗ್ಗ, ಮುಖ ಕೆಂಪು. ಅಷ್ಟರಲ್ಲಿ ಹಳ್ಳದಿಂದ ಹೆಬ್ಬಾತುಗಳ ಕಿರುಚಾಟ ಕೇಳಿ ಇಬ್ಬರೂ ಓಡಿದೆವು.

ಆಚೆ ದಡದಲ್ಲಿ ಒಂಟಿ ತೋಳ, ಈಚೆ ನೀರಿನಂಚಿನಲ್ಲಿ ಮೂರ್ಜೊ. ಅದರ ಬೆನ್ನಿನ ಕೂದಲು ನಿಮಿರಿತ್ತು, ಗಂಟಲಿನಿಂದ ನಾನು ಎಂದೂ ಕೇಳದ ಗುಡುಗು ಹೊರಡುತ್ತಿತ್ತು. ಹೆಬ್ಬಾತುಗಳೆಲ್ಲ ಅದರ ಬೆನ್ನ ಹಿಂದೆ ಮುದುಡಿ ನಿಂತಿದ್ದವು. ತೋಳ ಒಂದು ಹೆಜ್ಜೆ ಮುಂದಿಟ್ಟಿತು. ಮೂರ್ಜೊ ನೀರಿಗೆ ಧುಮುಕಿತು. ತೋಳ ತಿರುಗಿ ಪೊದೆಯಲ್ಲಿ ಮರೆಯಾಯಿತು.

"ಕುರಿ ಬಿಟ್ಟು ಬಾತು ಕಾಯ್ತಾನಲ್ಲೇ ಇವನು!" ಎಂದ ವೇಲ್ಕೊ.

"ನಮ್ಮಪ್ಪನ ಮನೆ ರಕ್ತ ಎಲ್ಲೂ ಹೋಗಿಲ್ಲ. ಯಾರು ತನ್ನೋರು ಅನ್ನೋದನ್ನ ಒಲೆ ಪಕ್ಕ ಕಲಿತಿದೆ, ಅಷ್ಟೆ. ಇದು ಮರಿಯಾಗಿದ್ದಾಗ ಕೋಟಿನೊಳಗೆ ಬಚ್ಚಿಟ್ಕೊಂಡು ಒಲೆ ಪಕ್ಕ ತಂದು ಮಲಗಿಸಿದ್ದು ಯಾರು? ನಮ್ಮಪ್ಪನಾ?"

ಅಂದು ಆ ಮರಿಯ ಮೂಗಿಗೆ ಬಿಸಿಯುಸಿರು ಊದುತ್ತ ರಾತ್ರಿಯೆಲ್ಲ ಕೂತವನು ವೇಲ್ಕೊನೇ. ಹಗ್ಗವನ್ನು ಬೇಲಿಯ ಮೇಲೆ ಎಸೆದ.

"ಊರೋರು ನಗ್ತಾರೆ."

"ನಗಲಿ. ನಮ್ಮನೇಗೆ ಬಾತು ತಿನ್ನೋಕೆ ಬರ್ತಾರಲ್ಲ, ಆಗ ನೋಡ್ಕೋತೀನಿ."

ಮೂರ್ಜೊನ ತಾಯಿಯ ಈ ವರ್ಷದ ಸೂಲಿನಲ್ಲೂ ಒಂದು ಬಡಕಲು ಮರಿ ಹುಟ್ಟಿತು. ಹಿಮ ಸುರಿಯುತ್ತಿತ್ತು. ವೇಲ್ಕೊ ಕೋಟಿನೊಳಗೆ ಅದನ್ನಿಟ್ಟುಕೊಂಡು ಹೊಸ್ತಿಲಲ್ಲಿ ನಿಂತ. ನಾನು ಕುರಿಹಟ್ಟಿಯತ್ತ ಬೆರಳು ತೋರಿಸಿದೆ. ಅವನು ಅತ್ತ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ, ಒಂದು ಕಂಕುಳಲ್ಲಿ ನಾಯಿಮರಿ, ಇನ್ನೊಂದರಲ್ಲಿ ತಾಯಿ ಬಿಟ್ಟ ಕುರಿಮರಿ. ಎರಡನ್ನೂ ಒಲೆಯ ಪಕ್ಕ ಒಂದೇ ಚೀಲದ ಮೇಲೆ ಮಲಗಿಸಿದ. ನಾನು ಎದ್ದು ಹೆಬ್ಬಾತಿನ ಬುಟ್ಟಿಯನ್ನು ಪಕ್ಕದ ಕೋಣೆಗೆ ಸಾಗಿಸಿದೆ.