ದಿಗ್ಗೇವಾಡಿ ಮ್ಯಾಲ

ಕೃಷ್ಣೆಯ ಮೇಲಿಂದ ಎದ್ದ ಮಂಜು ಅಂದು ಬೆಳಿಗ್ಗೆ ಕಬ್ಬಿನ ಹೊಲಗಳನ್ನು ದಾಟಿ ಅಂಗಳದೊಳಗೇ ಬಂದು ಕೂತಿತ್ತು. ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ನೆರೆಮನೆಯ ತವನಪ್ಪನಿಗೆ ತನ್ನ ಕೈಯೇ ಸರಿಯಾಗಿ ಕಾಣುತ್ತಿರಲಿಲ್ಲ.

"ಇಂಥಾ ಮಂಜಿನ್ಯಾಗ ನಮ್ಮ ಬಾಪುಸಾಹೇಬ ಇಮಾನ ಇಳಸ್ತಿದ್ದ ನೋಡ್ರಿ. ನನಗ ಒಂದ ಗಂಟ ಹಾಕಾಕ ಬರವಲ್ದು," ಎಂದ. ಸುತ್ತ ನಿಂತವರು ಮೆಲ್ಲಗೆ ನಕ್ಕರು.

ಜಿನಮತಿ ನಗಲಿಲ್ಲ. ಪೈಲಟ್ ಆಗಿದ್ದ ತಮ್ಮ ಬಾಪುಸಾಹೇಬನ ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿದ್ದರು; ಅವಳು ಅದರಿಂದ ದೂರ, ಕಂಬಕ್ಕೊರಗಿ ಕೂತಿದ್ದಳು. ಮಹಾಪೂರದ ವರ್ಷದಿಂದ ಅವನೊಡನೆ ಮಾತು ಬಿಟ್ಟವಳು. ಈಗ ಅಳಲು ತನಗೆ ಹಕ್ಕಿದೆಯೋ ಇಲ್ಲವೋ, ಅವಳಿಗೇ ತಿಳಿಯದು.

*

ಎಂಬತ್ತರ ದಶಕದ ಆ ಶ್ರಾವಣದಲ್ಲಿ ಹೊಳೆ ದಿಗ್ಗೇವಾಡಿಯೊಳಗೆ ನುಗ್ಗಿತ್ತು. ವಿಧವೆ ಜಿನಮತಿ ಎಮ್ಮೆಗರುವನ್ನು ತಬ್ಬಿಕೊಂಡು ಮಾಳಿಗೆಯ ಮೇಲೆ ಕೂತಿದ್ದಳು. ನೀರಿಳಿದು ಎಷ್ಟೋ ದಿನಕ್ಕೆ ಬಂದ ಬಾಪುಸಾಹೇಬ, "ಅಕ್ಕಾ, ಇಮಾನದಾಗ ಹೋಗೂ ಮುಂದ ಮ್ಯಾಲಿಂದ ನೋಡೇನಿ" ಎಂದಾಗ ಸಿಡಿದಿದ್ದಳು:

"ನೋಡಿ ಹಂಗ ಹಾರಿ ಹ್ವಾದೇನು? ನೋಡಿಲ್ಲ ಅಂತಾದ್ರೂ ಸುಳ್ಳ ಹೇಳಬಾರದಾಗಿತ್ತ?"

ಜೈನರ ಪರ್ಯೂಷಣ ಪರ್ವ ಮುಗಿದು ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ, ಪ್ರತಿ ವರ್ಷವೂ ಅವನು ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ. "ಉತ್ತಮ ಕ್ಷಮಾ, ಅಕ್ಕಾ." ಅವಳು ತಿರುಗಿ ಕೈಮುಗಿಯದೆ ಒಳಗೆ ಹೋಗಿಬಿಡುತ್ತಿದ್ದಳು.

*

ಮಂಜು ತೆಳುವಾಗುವ ಹೊತ್ತಿಗೆ ನಿಪ್ಪಾಣಿಯಿಂದ ರಾಜಾರಾಮ ಬಂದ. ಬಾಪುಸಾಹೇಬನ ಪಕ್ಕದಲ್ಲಿ ಕೂತು ವಿಮಾನ ನಡೆಸಿದವನು. ಹೆಣಕ್ಕೆ ನಮಸ್ಕರಿಸಿ, ಹುಡುಕಿಕೊಂಡು ಕಂಬದ ಬಳಿ ಬಂದ.

"ಜಿನಮತಿ ಅಕ್ಕಾರ ನೀವಽ ಏನ್ರಿ? ನಿಮ್ಮ ಸಲುವಾಗಿ ಸಾಹೇಬ್ರು ಇಮಾನದ ದಾರಿ ನೋಡೂ ಮುಂಬೈ ಕಂಟ್ರೋಲಿನವರ ಕೂಡ ಜಗಳ ತಗದಿದ್ರು."

"ನನ್ನ ಸಲುವಾಗಿ?"

"ಮಹಾಪೂರದ ವರ್ಷರಿ. ಮೋಡ ತಪ್ಪಿಸಾಕ ಬೆಳಗಾವಿ ದಾರಿ ಬಿಟ್ಟ ಈ ಕಡೆ ಬಂದಿದ್ವಿ. ಇಮಾನ ಎಲ್ಲಿ ಐತಿ ಅಂತ ರೇಡಿಯೊದಾಗ ತಿಳಸಬೇಕಾಗಿತ್ತು. ಸಾಹೇಬ್ರು 'ದಿಗ್ಗೇವಾಡಿ ಮ್ಯಾಲ' ಅಂದಬಿಟ್ರು! ಕಂಟ್ರೋಲಿನವರು, 'ಅಂಥಾ ಊರ ನಮ್ಮ ನಕಾಶದಾಗ ಇಲ್ಲ, ದಾರಿ ತಪ್ಪೀರೇನು?' ಅಂತ ಕೇಳಿದ್ರು."

ತವನಪ್ಪ ಹಗ್ಗ ಬಿಟ್ಟು ಹತ್ತಿರ ಬಂದ. "ಅದಕ್ಕ ಏನಂದ ನಮ್ಮಾಂವ?"

"'ದಾರಿ ತಪ್ಪಿಲ್ಲ. ಬೆಳಗಾವಿಯಿಂದ ಈಶಾನ್ಯಕ್ಕ, ಕೃಷ್ಣಾ ಹೊಳಿ ತಿರಗೂವಲ್ಲಿ ಅದೀವಿ. ಕೆಳಗ ಊರ ಮುಳಗೈತಿ, ನಮ್ಮಕ್ಕ ಅಲ್ಲಿ ಅದಾಳ. ಮದಲ ರಾಯಬಾಗ ತಾಲೂಕ ಕಚೇರಿಗೆ ಫೋನ್ ಮಾಡಿ ಡೋಣಿ ಕಳಸ್ರಿ, ಆಮ್ಯಾಲ ನನ್ನ ಕೇಳ್ರಿ' ಅಂದ್ರು. ರೇಡಿಯೊದಾಗ ಮನಿ ಮಾತ ಆಡಿದ್ರಂತ ಕೆಲವು ದಿನ ಅವರಿಗೆ ಇಮಾನ ಮುಟ್ಟಗೊಡಲಿಲ್ಲ."

ಜಿನಮತಿ ಕಂಬ ಬಿಟ್ಟು ಮುಂದೆ ಬಾಗಿದಳು. "ಹೊತ್ತ ಮುಣಗೂ ಮುಂದ ಡೋಣಿ ಬಂದಿತ್ತು. ಯಾರ ಕಳಿಸಿದ್ರಂತ ಯಾರಿಗೂ ಗೊತ್ತಿರಲಿಲ್ಲ... ಇಂವಾ ಯಾಕ ಹೇಳಲಿಲ್ಲ?"

"ನಾನೂ ಕೇಳೇನ್ರಿ. 'ಅಕ್ಕನ ಮುಂದ ಉಪಕಾರದ ಮಾತ ಆಡಬಾರದೋ' ಅಂದ್ರು."

ಅವಳು ಎದ್ದು ಹೋಗಿ ತಮ್ಮನ ತಲೆದೆಸೆಯಲ್ಲಿ ಕೂತಳು. "ಹುಚ್ಚಪ್ಪಾ," ಎಂದು ಅವನ ಕ್ರಾಪು ಸರಿಪಡಿಸಿದಳು. ಚಟ್ಟ ಹೊರಲು ಬಂದವರು ಕಾದು ನಿಂತರು. ಜಿನಮತಿ ಕೈಮುಗಿದಳು, ಇಳಿಸಿದಳು. ಮತ್ತೆ ಮುಗಿದಳು, ಮತ್ತೆ ಇಳಿಸಿದಳು, ಅವನು ಬಾಗಿಲಲ್ಲಿ ಕೈಮುಗಿದು ನಿಂತ ವರ್ಷಕ್ಕೊಂದರಂತೆ.