ಎರಡನೇ ರಿಮೋಟ್

ಮೇಲಿನ ಮನೆಯಿಂದ ಮಗಳ ನಗು ಕೇಳಿಸಿದ್ದೇ ಇಂದ್ರಾಣಿಯ ಕಾಲು ಹೊಲಿಗೆ ಮಿಷನ್ನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಮನೆಯಲ್ಲಿದ್ದಾಗ ಕೇಳಿದ ಮಾತಿಗೆಲ್ಲ ಹೂಂ, ಉಹೂಂ ಎನ್ನುವ ಹುಡುಗಿ ಮೇಲೆ ಹೋದರೆ ಮಾತ್ರ ಸೂರು ಹಾರಿಹೋಗುವ ಹಾಗೆ ನಗುತ್ತಾಳೆ. ಇಂದ್ರಾಣಿ ಎದ್ದು ಕಿಟಕಿಗೆ ಕಿವಿಗೊಟ್ಟು ನಿಂತಳು. ಕದ್ದು ಕೇಳುವುದು ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಕೇಳುತ್ತಿರುವುದು ತಾನು ಹೆತ್ತ ಮಗಳ ದನಿಯನ್ನೇ ತಾನೆ?

"ತಟ್ಟೆ ತೊಳಿ ಮಗಾ, ತಟ್ಟೆ! ಇನ್ನೊಂದು ಆರ್ಡರ್ ಬಂತು!" ಇದು ಮೇಲಿನ ಮನೆಯ ಅಂಜನಾ.

"ತೊಳೀತಿದೀನಿ ಮಗಾ, ನೀನು ಈರುಳ್ಳಿ ಹೆಚ್ಚು!" ಇದು ಮಗಳು, ಐದನೇ ಕ್ಲಾಸಿನ ರಾಜಶ್ರೀ.

ಅದು ಟಿವಿಗೆ ಸಿಕ್ಕಿಸಿ ಆಡುವ ಪ್ಲೇಸ್ಟೇಷನ್ ಆಟ. ಇಬ್ಬರು ಅಡುಗೆಯವರು ಹೋಟೆಲಿನ ಅಡುಗೆಮನೆಯಲ್ಲಿ ಓಡಾಡುತ್ತಾ ಹೆಚ್ಚಬೇಕು, ಬೇಯಿಸಬೇಕು, ತಟ್ಟೆ ತೊಳೆದು ಬಡಿಸಬೇಕು. ಗಂಟೆ ಹೊಡೆಯುವುದರೊಳಗೆ ಎಲ್ಲ ಮುಗಿಯಬೇಕು. ಒಮ್ಮೆ ಮಗಳನ್ನು ಕರೆಯಲು ಹೋದಾಗ ಇಂದ್ರಾಣಿ ಬಾಗಿಲಲ್ಲೇ ನಿಂತು ಅದನ್ನು ನೋಡಿದ್ದಳು. ಮನೆಯಲ್ಲಿ ತಾನು ಉಂಡ ತಟ್ಟೆಯನ್ನು ಸಿಂಕಿಗೆ ಹಾಕೆಂದರೆ ಮುಖ ಗಂಟಿಕ್ಕುವವಳು, ಅಲ್ಲಿ ಕಂಡವರ ಎಂಜಲು ತಟ್ಟೆ ತೊಳೆಯಲು ಬಿದ್ದು ಸಾಯುತ್ತಿದ್ದಳು. ಅದು ಬೊಂಬೆ ತಟ್ಟೆಯೇ ಇರಬಹುದು. ಆದರೂ ಇಂದ್ರಾಣಿಗೆ ಮೈಯೆಲ್ಲ ಉರಿದಿತ್ತು.

ಅದಕ್ಕಿಂತ ಹೆಚ್ಚು ಉರಿಯುತ್ತಿದ್ದುದು ಆ 'ಮಗಾ' ಎನ್ನುವ ಮಾತಿಗೆ. ಅದೇನು ಅವಳು ಕೇಳರಿಯದ ಮಾತಲ್ಲ. ತಾವಿರುವ ಇಟ್ಟಮಡುವಿನ ಬೇಕರಿ ಮುಂದೆ ಟೀ ಕುಡಿಯುವ ಹುಡುಗರು ಉಸಿರಿಗೊಂದು ಮಗಾ ಎನ್ನುತ್ತಾರೆ. ಯಾರು ಯಾರ ಮಗನೋ ದೇವರಿಗೇ ಗೊತ್ತು. ಆದರೆ ಮಾಗಡಿ ಕಡೆಯ ಅವಳ ಊರಿನಲ್ಲಿ ಆ ಮಾತಿನ ತೂಕವೇ ಬೇರೆ. ತಾಯಿ ಅಂಕಮ್ಮ ಇವತ್ತಿಗೂ ಫೋನು ಮಾಡಿದರೆ ಮೊದಲು ಕೇಳುವುದು "ಉಂಡ್ಯಾ ಮಗಾ?" ಎಂದೇ. ಹೆಣ್ಣಿರಲಿ ಗಂಡಿರಲಿ, ಹೆತ್ತವಳ ಬಾಯಲ್ಲಿ ಎಲ್ಲವೂ ಮಗಾ. ಇಂದ್ರಾಣಿಯೂ ರಾಜಶ್ರೀಯನ್ನು ಹಾಗೇ ಕರೆಯುತ್ತಿದ್ದಳು. ಹೋದ ವರ್ಷ ಸ್ಕೂಲಿನ ಗೇಟಿನ ಹತ್ತಿರ ಹುಡುಗಿ ಸಿಡುಕಿದ್ದಳು: "ಎಲ್ಲರ ಮುಂದೆ ಮಗಾ ಅನ್ಬೇಡಮ್ಮ. ನಾನೇನು ಗಂಡುಹುಡುಗನಾ?" ಅಂದಿನಿಂದ ಆ ಮಾತನ್ನು ಬಿಟ್ಟಿದ್ದಳು. ತಾನು ಬಿಟ್ಟದ್ದನ್ನು ಈಗ ಮೇಲಿನವಳು ಎತ್ತಿಕೊಂಡಿದ್ದಳು.

ಅಂಜನಾ ಕೆಟ್ಟವಳಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಹಾಳಾದವಳು ಒಳ್ಳೆಯವಳು. ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಾಳೆ, ಗಂಡ ಅರ್ಧ ತಿಂಗಳು ಪುಣೆಯಲ್ಲಿರುತ್ತಾನೆ, ಮಕ್ಕಳಿಲ್ಲ. ಬ್ಲೌಸ್ ಹೊಲಿಸಿದರೆ ಚೌಕಾಸಿ ಮಾಡುವುದಿಲ್ಲ. ದಸರಾ ರಜೆ ಶುರುವಾದಾಗ "ರಾಜೀನ ಸ್ವಲ್ಪ ಹೊತ್ತು ಕಳಿಸಿ ಇಂದ್ರಾಣಿ, ನನಗೂ ಬೋರು" ಎಂದು ಕೇಳಿಯೇ ಕರೆದುಕೊಂಡು ಹೋಗಿದ್ದಳು. ಸ್ವಲ್ಪ ಹೊತ್ತು ಎಂದದ್ದು ಈಗ ಸಂಜೆಯೆಲ್ಲ ಆಗಿತ್ತು.

ಅವತ್ತು ರಾಜಶ್ರೀ ಇಳಿದು ಬಂದಾಗ ಮುದ್ದೆ, ಸೊಪ್ಪಿನ ಸಾರು ತಣ್ಣಗಾಗಿತ್ತು.

"ನಂಗೆ ಬೇಡಮ್ಮ. ಆಂಟಿ ಪಾಸ್ತಾ ಮಾಡಿದ್ರು."

"ಹೂಂ ಕಣವ್ವ, ಹಿತ್ತಲ ಗಿಡ ಮದ್ದಲ್ಲ," ಎಂದಳು ಇಂದ್ರಾಣಿ. ಹುಡುಗಿಗೆ ಗಾದೆ ಅರ್ಥವಾಗಲಿಲ್ಲ, ಆಕಳಿಸುತ್ತಾ ಮಲಗಲು ಹೋದಳು.

ಗಂಡ ಯುವರಾಜ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ದಿನವಿಡೀ ನೂರು ಮಿಷನ್ನಿನ ಸದ್ದು ಕೇಳಿ ಬಂದವನಿಗೆ ಮನೆಯಲ್ಲಿ ಹೆಂಡತಿ ಹೇಳುವುದು ಅರ್ಧ ಮಾತ್ರ ಕೇಳಿಸುತ್ತಿತ್ತು.

"ಒಂದೇ ಬಿಲ್ಡಿಂಗು. ಎಲ್ಲಿಗೋದಾಳು ಬುಡು," ಎಂದ.

"ನಾನೂ ಒಂದು ಆಟದ ಮಿಷನ್ ತರ್ತೀನಿ. ಅವಳ ಹತ್ರ ಇರೋ ಅಂತದ್ದೇ. ಆಗ ಇಲ್ಲೇ ಇರ್ತಾಳೆ."

ಅವನು ತುತ್ತು ನಿಲ್ಲಿಸಿ ನೋಡಿದ. "ಮಗಳಿಗೆ ಅಂತ ತರ್ತೀಯೋ, ಮೇಲ್ನೋಳಿಗೆ ತೋರ್ಸಾಕೆ ತರ್ತೀಯೋ?"

ಇಂದ್ರಾಣಿ ಅವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು. ಎರಡಕ್ಕೂ ಎಂದು ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ.

ಮಾರನೆಯ ದಿನ ಜಯನಗರದ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿದಳು. ಹುಡುಗ ಹೇಳಿದ್ದನ್ನು ಕೇಳಿ, ಸೀರೆ ಅಂಗಡಿಯಲ್ಲಿ ಮಾಡುವಂತೆ "ಗಂಡನ್ನ ಕರ್ಕೊಂಡು ಬರ್ತೀನಿ" ಎಂದು ಮರ್ಯಾದೆಯಿಂದ ಹೊರಗೆ ಬಂದಳು. ಆಮೇಲೆ ಫೋನಿನಲ್ಲಿ ಹಳೆಯ ಸಾಮಾನು ಮಾರುವವರನ್ನು ಹುಡುಕಲು ಕೂತಳು. ಗುಂಡಿ ಹೊಲಿಯುತ್ತಾ ಹುಡುಕಿದಳು, ಹಾಲು ಉಕ್ಕುವಾಗಲೂ ಹುಡುಕಿದಳು. ಓವರ್‌ಲಾಕ್ ಮಿಷನ್ನಿಗೆಂದು ಕೂಡಿಟ್ಟ ದುಡ್ಡಿಗೆ ಹೊಂದುವಂಥದ್ದು ಕೊನೆಗೂ ಜೆ.ಪಿ. ನಗರದಲ್ಲಿ ಸಿಕ್ಕಿತು. ಓವರ್‌ಲಾಕ್ ಇಲ್ಲದಿದ್ದರೆ ಇನ್ನೂ ಒಂದು ವರ್ಷ ಬ್ಲೌಸಿನ ಅಂಚು ಹಾಕಿಸಲು ಬೇರೆ ಟೈಲರನ ಬಾಗಿಲು ಕಾಯಬೇಕು. ಕಾಯೋಣ, ಮಗಳಿಗಿಂತ ಹೆಚ್ಚೇ ಎಂದುಕೊಂಡಳು.

ಮಾರುತ್ತಿದ್ದವರು ಸರ್ವಮಂಗಳಾ ಎನ್ನುವ ಹೆಂಗಸು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ದೂಳು ಒರೆಸುವ ಬಟ್ಟೆ. ಮಿಷನ್ನನ್ನು ಆಗಲೇ ಒರೆಸಿ ಹಾಲಿನ ಟೀಪಾಯಿ ಮೇಲೆ ಇಟ್ಟಿದ್ದರು. ಟಿವಿಗೆ ಸಿಕ್ಕಿಸಿ ತೋರಿಸಿದರು. ಕಾರೊಂದು ಬುರ್ರೆಂದು ಓಡಿತು.

"ನೋಡಿಮ್ಮ, ಚೆನ್ನಾಗಿ ಓಡುತ್ತೆ. ನನ್ನ ಮಗ ಟ್ಯೂಷನ್ನಿಂದ ಬರೋ ಅಷ್ಟರಲ್ಲಿ ತಗೊಂಡು ಹೋಗಿಬಿಡಿ."

"ಅವನಿಗೆ ಹೇಳಿಲ್ವಾ ಮೇಡಂ?"

"ಹೇಳಿದ್ರೆ ಕೊಡ್ತಾನಾ? ಇದರ ಮುಂದೆ ಕೂತ್ರೆ ಮನೇಲಿ ತಾಯಿ ಇದಾಳೆ ಅನ್ನೋದೇ ಮರೆತುಬಿಡ್ತಾನೆ. ಮಾತಾಡಿಸಿದ್ರೆ ಗೋಡೆ ನೋಡಿದ ಹಾಗೆ ನೋಡ್ತಾನೆ. ಇದು ಹೋದ್ರೆ ನನ್ನ ಮಗ ನನಗೆ ವಾಪಸ್ಸು ಬರ್ತಾನೆ." ಸರ್ವಮಂಗಳಾ ವೈರು ಸುತ್ತಿ ಚೀಲಕ್ಕೆ ಹಾಕಿದರು. "ನೀವು ಯಾರಿಗೆ ತಗೊಳ್ತಿರೋದು?"

"ನನ್ನ ಮಗಳಿಗೆ. ಅವಳು ವಾಪಸ್ಸು ಬರ್ಲಿ ಅಂತ."

ಸರ್ವಮಂಗಳಾ ಅವಳ ಮುಖವನ್ನೇ ನೋಡಿದರು. ಏನೋ ಕೇಳಬೇಕೆಂದುಕೊಂಡವರು ಚೀಲದ ಬಾಯಿ ಕಟ್ಟಿದರು. ವ್ಯಾಪಾರ ಕುದುರಿದ ಮೇಲೆ ಯಾರೂ ಹೆಚ್ಚು ಕೇಳುವುದಿಲ್ಲ. "ರಿಮೋಟ್ ಎರಡಿದೆ. ಎರಡನೇದಕ್ಕೆ ಸ್ವಲ್ಪ ಮೇಲೆ ಕೊಡಬೇಕಾಗುತ್ತೆ. ತಗೊಳ್ತೀರಾ?"

"ಬೇಡ ಮೇಡಂ," ಎಂದಳು ಇಂದ್ರಾಣಿ. "ನಮಗಿರೋಳು ಒಬ್ಬಳೇ ಮಗಳು. ಒಂದು ಸಾಕು."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ರಾಜಶ್ರೀ ಅದನ್ನು ನೋಡಿ ಒಂದು ಗಳಿಗೆ ಬಾಯಿ ತೆರೆದು ನಿಂತಳು, ಆಮೇಲೆ ಬಂದು ತಾಯಿಯ ಸೊಂಟ ತಬ್ಬಿಕೊಂಡಳು. ಎಷ್ಟು ದಿನವಾಗಿತ್ತೋ ಹಾಗೆ ತಬ್ಬಿ. ಇಂದ್ರಾಣಿಗೆ ಕಣ್ಣು ತುಂಬಿಬಂತು. ನೀರು ಕೆಳಗೆ ಉದುರುವ ಮೊದಲೇ ಹುಡುಗಿ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಓಡಿದ್ದಳು.

"ಆಂಟೀ! ಅಂಜನಾ ಆಂಟೀ! ನಮ್ಮನೆಗೂ ಬಂತು!"

ಅದಾದ ಮೇಲೆ ಎರಡು ದಿನ ರಾಜಶ್ರೀ ಮೇಲಿನ ಮನೆಗೆ ಹೋಗಲಿಲ್ಲ. ಚಾಪೆಯ ಮೇಲೆ ಕೂತು ಒಬ್ಬಳೇ ಕಾರು ಓಡಿಸಿದಳು. ಇಂದ್ರಾಣಿ ಹೊಲಿಯುತ್ತಾ ಮಗಳ ಬೆನ್ನು ನೋಡಿದಳು. ಬೆನ್ನು ಮನೆಯಲ್ಲಿತ್ತು, ನಗು ಇರಲಿಲ್ಲ. ಕಾರು ಗುದ್ದಿದರೂ ಗೆದ್ದರೂ ಹುಡುಗಿ ಒಂದೇ ಸಮ ಕೂತಿದ್ದಳು. "ಏನಾದ್ರೂ ತಿಂತೀಯಾ?" ಎಂದರೆ ಉಹೂಂ. "ಗೆದ್ಯಾ?" ಎಂದರೆ ಹೂಂ. ಮೂರನೆಯ ದಿನ ರಿಮೋಟನ್ನು ಚಾಪೆಯ ಮೇಲೆ ಹಾಕಿ ಹೇಳಿದಳು:

"ಅಮ್ಮ, ಒಬ್ಬಳೇ ಆಡೋದು ಬೋರು. ಇದಕ್ಕೆ ಇನ್ನೊಂದು ರಿಮೋಟ್ ಇರಲಿಲ್ವಾ?"

"ಇರಲಿಲ್ಲ," ಎಂದಳು ಇಂದ್ರಾಣಿ.

ರಾಜಶ್ರೀ ಸ್ವಲ್ಪ ಯೋಚಿಸಿ, ದಾರಿ ಕಂಡವಳಂತೆ ಎದ್ದು ಹೋದಳು. ಹೋದವಳು ಒಬ್ಬಳೇ ಬರಲಿಲ್ಲ. ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ಅಡುಗೆ ಆಟದ ಸಿ.ಡಿ. ಹಿಡಿದು ಅಂಜನಾ ಹಿಂದೆಯೇ ಬಂದಳು. "ಬರಬಹುದಾ ಇಂದ್ರಾಣಿ? ನಿಮ್ಮ ಮಗಳು ಬಿಡ್ಲೇ ಇಲ್ಲ," ಎಂದು ನಕ್ಕು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ತನ್ನ ಮನೆ, ತನ್ನ ಚಾಪೆ, ತನ್ನ ದುಡ್ಡಿನ ಮಿಷನ್ನು. ಅದರ ಮುಂದೆ ತನ್ನ ಮಗಳ ಭುಜಕ್ಕೆ ಭುಜ ತಾಗಿಸಿ ಅವಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದುಕೊಂಡಳು ಇಂದ್ರಾಣಿ.

"ನಿಮ್ಮ ಟಿವಿ ಚಿಕ್ಕದಾದ್ರೂ ಕ್ಲಿಯರ್ ಆಗಿದೆ," ಎಂದಳು ಅಂಜನಾ, ಒಳ್ಳೆಯ ಮನಸ್ಸಿನಿಂದಲೇ.

"ಹೂಂ. ನಮಗೆ ಸಾಕು," ಎಂದು ಇಂದ್ರಾಣಿ ಒಲೆಯ ಹತ್ತಿರ ಹೋದಳು. ಮನೆಗೆ ಬಂದವರಿಗೆ ಕಾಫಿ ಕೊಡದೆ ಇರಲಾಗುತ್ತದೆಯೇ? ಕಾಫಿ ಬೆರೆಸಿ ಅಂಜನಾಳ ಪಕ್ಕದಲ್ಲಿ ಇಟ್ಟು ಬಂದು ಅಕ್ಕಿರೊಟ್ಟಿ ತಟ್ಟಲು ನಿಂತಳು. ಅಡುಗೆಮನೆಗೂ ಹಾಲಿಗೂ ನಡುವೆ ಇದ್ದದ್ದು ಒಂದು ಪರದೆ. ಅದನ್ನು ಸರಿಸಿಟ್ಟಿದ್ದಳು, ಕಾಣಲಿ ಎಂದು. ಕಂಡರೆ ಹೊಟ್ಟೆಕಿಚ್ಚು, ಕಾಣದಿದ್ದರೆ ಇನ್ನೂ ಹೊಟ್ಟೆಕಿಚ್ಚು.

"ಬೇಗ ಮಗಾ, ಅನ್ನ ಸೀದೋಗುತ್ತೆ!"

"ಬಂದೆ ಮಗಾ, ಬಂದೆ!"

ರಾಜಶ್ರೀಯ ನಗು ಈಗ ಮನೆಯೊಳಗೇ ಇತ್ತು. ಆದರೆ ಅದು ಇನ್ನೊಬ್ಬಳ ಕಡೆಗೆ ತಿರುಗಿಕೊಂಡಿತ್ತು. ಇಂದ್ರಾಣಿ ಹಿಟ್ಟನ್ನು ಎಷ್ಟು ಜೋರಾಗಿ ತಟ್ಟಿದಳೆಂದರೆ ರೊಟ್ಟಿ ನಡುವೆ ಹರಿಯಿತು. ಹರಿದದ್ದನ್ನೇ ಹಂಚಿಗೆ ಹಾಕಿದಳು.

ಅಷ್ಟರಲ್ಲಿ ಅಂಜನಾಳ ಫೋನು ಬಡಿದುಕೊಂಡಿತು. "ಅಯ್ಯೋ, ಆಫೀಸು. ರಾಜಿ, ಒಂದೇ ನಿಮಿಷ," ಎಂದು ರಿಮೋಟನ್ನು ಚಾಪೆಯ ಮೇಲಿಟ್ಟು, ಮೆಟ್ಟಿಲಿನ ಕಡೆಗೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು. ಟಿವಿಯಲ್ಲಿ ಗಡಿಯಾರದ ಮುಳ್ಳು ಓಡುತ್ತಿತ್ತು. ಅಂಜನಾಳ ಅಡುಗೆಯವನು ಒಲೆಯ ಮುಂದೆ ಕಂಬದ ಹಾಗೆ ನಿಂತುಬಿಟ್ಟಿದ್ದ.

"ಅಮ್ಮಾ! ಟೈಮ್ ಹೋಗ್ತಿದೆ! ಹಿಡ್ಕೊ ಬಾ!"

"ನಾನಾ?"

"ಬಾಮ್ಮಾ ಬೇಗ!"

ಇಂದ್ರಾಣಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ರಿಮೋಟು ಇನ್ನೂ ಅಂಜನಾಳ ಅಂಗೈಯಿಂದ ಬೆಚ್ಚಗಿತ್ತು. ಅದನ್ನು ಹಿಡಿಯಲು ಒಂದು ಕ್ಷಣ ಮನಸ್ಸಾಗಲಿಲ್ಲ. ಆಮೇಲೆ ಗಟ್ಟಿಯಾಗಿ ಹಿಡಿದಳು.

"ಯಾವ್ದು ಒತ್ಲಿ?"

"ಚೌಕ! ಚೌಕದ ಗುರುತು ಇರೋ ಬಟನ್! ಅದಲ್ಲ, ಅದು ಎಸೆಯೋದು!"

ಅವಳ ಅಡುಗೆಯವನು ಈರುಳ್ಳಿಯನ್ನು ಕಸದ ಬುಟ್ಟಿಗೆ ಎಸೆದ. ಗೋಡೆಗೆ ಗುದ್ದಿದ. ಮಗಳ ಅಡುಗೆಯವನನ್ನು ತಳ್ಳಿಕೊಂಡು ಬಾಗಿಲಾಚೆಗೆ ಹೋದ. ದಿನಕ್ಕೆ ಮೂರು ಹೊತ್ತು ಅಡುಗೆ ಮಾಡುವವಳು ಒಂದು ಬೊಂಬೆಯ ಕೈಯಲ್ಲಿ ಒಂದು ಈರುಳ್ಳಿ ಹೆಚ್ಚಿಸಲಾರದೆ ಬೆವರಿದಳು. ರಾಜಶ್ರೀ ಮೊದಲು "ಅಯ್ಯೋ ಅಮ್ಮ!" ಎಂದು ಹಣೆ ಚಚ್ಚಿಕೊಂಡಳು. ಅಡುಗೆಯವನು ಬೆಂಕಿಯ ಸುತ್ತ ಗಿರಗಿರನೆ ಸುತ್ತತೊಡಗಿದಾಗ ತಡೆಯಲಾರದೆ ನಕ್ಕಳು. ಅದೇ ನಗು. ಸೂರು ಹಾರಿಹೋಗುವಂಥದ್ದು.

"ತಟ್ಟೆ! ತಟ್ಟೆ ತೊಳಿ ಮಗಾ, ತಟ್ಟೆ!"

ಇಂದ್ರಾಣಿ ತಿರುಗಿ ಬಾಗಿಲ ಕಡೆ ನೋಡಿದಳು. ಅಂಜನಾ ಇನ್ನೂ ಹೊರಗೆ ಮೆಟ್ಟಿಲ ಹತ್ತಿರ ಫೋನಿನಲ್ಲಿದ್ದಳು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ.

"ಎಲ್ಲಿ ನೋಡ್ತೀಯಾ ಮಗಾ, ನಿಂಗೇ ಹೇಳ್ತಿರೋದು! ಒತ್ತು!"

ಒತ್ತಿದಳು. ನೊರೆ ಬಂತು. ತಟ್ಟೆ ಬೆಳ್ಳಗಾಯಿತು. ಇಂದ್ರಾಣಿ ಇನ್ನೊಂದು ತಟ್ಟೆಗೆ ಕೈ ಹಾಕಿದಳು, ಇನ್ನೊಂದಕ್ಕೆ.

ಅಂಜನಾ ಫೋನು ಮುಗಿಸಿ ಬಂದು ಬಾಗಿಲಲ್ಲಿ ನಿಂತಳು. ರಾಜಶ್ರೀ ತಿರುಗಲಿಲ್ಲ. "ಮುಗೀತು, ಕೊಡಿ ಇಂದ್ರಾಣಿ," ಎಂದು ಅಂಜನಾ ಕೈ ಚಾಚಿದಳು. "ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಂದಿದೀರಾ ಅನ್ಸುತ್ತೆ. ಸೀದ ವಾಸನೆ ಬರ್ತಿದೆ."

ವಾಸನೆ ಇಂದ್ರಾಣಿಗೂ ಬಂದಿತ್ತು.

"ಸೀಯ್ಲಿ ಬುಡಿ, ಒಂದು ರೊಟ್ಟಿ ತಾನೆ," ಎಂದಳು, ಟಿವಿಯಿಂದ ಕಣ್ಣು ಕೀಳದೆ. "ಕೂತ್ಕಳಿ. ಕಾಫಿ ಆರೋಯ್ತಾ ಅದೆ."

ಅಂಜನಾ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಚಾಪೆಯ ಮೇಲೆ ಅವಳ ಜಾಗದಲ್ಲಿ ಇಂದ್ರಾಣಿ ಕೂತಿದ್ದಳು. ಅಂಜನಾ ಕಾಫಿ ಲೋಟ ಎತ್ತಿಕೊಂಡು, ಹೊಲಿಗೆ ಮಿಷನ್ನಿನ ಮುಂದಿದ್ದ ಸ್ಟೂಲಿನ ಮೇಲೆ ಕೂತಳು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವಳು ಕುಡಿಯಲಿಲ್ಲ. ಅವಳ ಮುಂದೆ ಎರಡು ಬೆನ್ನುಗಳು ಒಂದಕ್ಕೊಂದು ತಾಗಿಕೊಂಡು ಅಲುಗುತ್ತಿದ್ದವು.

"ಎಡಗಡೆ," ಎಂದಳು ಅಂಜನಾ ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ. ಸ್ಟೀಲ್ ಲೋಟದ ಅಂಚನ್ನು ಅವಳ ಹೆಬ್ಬೆರಳು ಒತ್ತುತ್ತಿತ್ತು, ಮತ್ತೆ ಮತ್ತೆ ಒತ್ತುತ್ತಿತ್ತು.