ಎಂಟರ ಮೋಟಾರಿಗಿಂತ ಮೊದಲ

ಫಟಫಟಿ, ಅಂದ್ರ ಮೋಟಾರ್ ಸೈಕಲ್ಲು, ಈಗಿನವ್ರಿಗೆ ಏನು ಅಪರೂಪ ಹೇಳ್ರಿ, ಮನಿಗೊಂದು ನಿಂತಾವು. ನಾ ಹೇಳೂದು ಸಾವಿರದ ಒಂಬೈನೂರಾ ಮೂವತ್ತೊಂದರ ಮಾತು. ಆಗ ಹುಬ್ಬಳ್ಳ್ಯಾಗಿನ ಫಟಫಟಿ ಎಣಸಾಕ ಒಂದು ಕೈ ಬೆರಳು ಸಾಕಾಗತಿದ್ವು. ಅದರಾಗ ಒಂದು, ಕುದುರಿ ಜೀನು-ಲಗಾಮು ಹೊಲಿಯೋ ಗುಲಾಬಸಾಬನ ಅಂಗಡಿ ಮುಂದ ನಿಂತಿತ್ತು. ನಿಂತಿತ್ತು ಅಷ್ಟ, ಓಡತಿದ್ದಿಲ್ಲ. ಓಡಿಸೇ ಬಿಡತೇನಿ ಅಂತ ಅಂವ ಹಟ ಹಿಡದು ಎರಡು ತಿಂಗಳಾಗಿತ್ತು. ಓಡಲಿ ಅಂತ ಅವನ ಹೇಣ್ತಿ ರಸೂಲಬಿ ದರ್ಗಾಕ್ಕ ಹರಕಿ ಹೊತ್ತೂ ಅಷ್ಟ ದಿನ ಆಗಿತ್ತು.

ಹರಕಿ ಸುಮ್ಮನ ಹೊತ್ತಿದ್ದಿಲ್ಲ ಆಕಿ. ಹುಬ್ಬಳ್ಳಿ-ಧಾರವಾಡದ ನಡುವ ಮಂದಿ ಹೇರೋ ಸರ್ವಿಸ್ ಮೋಟಾರು, ಈಗಿನ ಬಸ್ಸು, ಸುರುವಾದಾಗಿಂದ ಟಾಂಗಾದವ್ರು ಒಬ್ಬೊಬ್ರ ಕುದುರಿ ಮಾರಿಕೊಂಡಿದ್ರು. ಕುದುರಿನ ಇಲ್ಲಂದ್ರ ಲಗಾಮು ಯಾರ ಬಾಯಿಗೆ ಹಾಕೂದು? ಮುಂಬೈ ಬಂದರದಾಗ ಹಮಾಲಿ ಮಾಡೋ ಕಾಕಾನ ಮಗ ಬಾ ಅಂತ ಕಾಗದ ಬರದಿದ್ದ. ಗುಲಾಬಸಾಬ ಇನ್ನ ರೇಲ್ವೆ ಗಾಡಿ ಹತ್ತತೇನಿ ಅಂತ ಗಂಟು ಕಟ್ಟಿ ಇಟ್ಟಿದ್ದ. ಮುಂಬೈಕ್ಕ ಹೋದವ್ರು ಮೊದಲ ತಿಂಗಳಿಗೊಮ್ಮೆ ಕಾಗದ ಬರೀತಾರ, ಆಮ್ಯಾಲ ವರ್ಷಕ್ಕೊಮ್ಮೆ, ಆಮ್ಯಾಲ ಟಪಾಲಿನವನ ಹಾದಿ ನೋಡೂದ ಬಿಡಬೇಕು. ಇದನ್ನ ರಸೂಲಬಿ ತನ್ನ ಅಕ್ಕನ ಮನ್ಯಾಗ ಕಣ್ಣಾರೆ ಕಂಡಿದ್ಲು. ಇಬ್ಬರು ಸಣ್ಣ ಹೆಣ್ಣುಹುಡುಗೂರನ್ನ ಕಟಿಗೊಂಡು ತಾನೂ ಹಂಗ ಕೂಡೂದು ಆಕಿಗೆ ಬ್ಯಾಡಾಗಿತ್ತು.

ಅಷ್ಟರಾಗ ಬಂದಾಂವ ಮಹಾದೇವಪ್ಪ. ಎರಡು ಸರ್ವಿಸ್ ಮೋಟಾರಿನ ಸಾವಕಾರ. ಊರು ಬಿಟ್ಟು ಹೊಂಟ ಒಬ್ಬ ಬಿಳಿ ಸಾಹೇಬನ ಫಟಫಟಿ ಲಿಲಾವಿನಾಗ ಸವಾಲು ಕೂಗಿ ಹಿಡದಿದ್ದ. ಮೋಟಾರು ನಡುದಾರ್ಯಾಗ ಕೆಟ್ಟು ನಿಂತ್ರ ಸಾಮಾನು ಹೇರಿ ಮಿಸ್ತ್ರಿನ ಲಗೂನ ಕಳಸಾಕ ಬೇಕು ಅಂತ ಅವನ ಲೆಕ್ಕಾಚಾರ. ಆದ್ರ ಯಾಂವಾ ಬಂದ್ರೂ ಅದು ಉಸರ ಬಿಡಲಿಲ್ಲ. ಕಡೀಕ, ನಾ ಓಡಸತೇನಿ ಅಂತ ಮುಂದ ಬಂದ ಗುಲಾಬಸಾಬಗ ಒಪ್ಪಿಸಿ, ಎರಡು ತಿಂಗಳ ವಾಯಿದೆ ಕೊಟ್ಟು ಒಂದು ಕರಾರು ಹಾಕಿದ. ವಾಯಿದೆ ಮುಗಿಯೋ ಶನಿವಾರ ಮುಂಜಾನೆ ಹುಬ್ಬಳ್ಳಿ ಬಿಡೋ ಎಂಟರ ಮೋಟಾರಿಗಿಂತ ಮೊದಲ ಈ ಗಾಡಿ ಧಾರವಾಡದ ಮೋಟಾರು ಸ್ಟ್ಯಾಂಡಿಗೆ ಮುಟ್ಟಿಸಿದ್ರ, ಅಂವನ ತನ್ನ ಶೆಡ್ಡಿನ ಮಿಸ್ತ್ರಿ. ಮುಟ್ಟಿಸದಿದ್ರ ಮರುದಿನ ರವಿವಾರದ ಮುಂಬೈ ಗಾಡಿ ಹೆಂಗೂ ಐತೆಲ್ಲ.

ಆ ಫಟಫಟಿ ನೋಡಬೇಕಿತ್ತು ನೀವು. ಹದಿನಾಕರ ಮಹಾಯುದ್ಧದ ಕಾಲದ್ದು. ಬಗಲಾಗ ಮೇಮಸಾಬ ಕೂಡಾಕ ಬೆತ್ತದ ಬುಟ್ಟಿ, ಅದಕ್ಕೊಂದು ಗಾಲಿ. ಬುಟ್ಟಿ ಗೆದ್ದಲ ತಿಂದಿತ್ತು, ಪೆಟ್ರೋಲ್ ಟಾಕಿ ತುಂಬ ತುಕ್ಕು, ಇಂಜನ್ನಿನ ಸಂದ್ಯಾಗ ಇಲಿ ಸಂಸಾರ ಹೂಡಿದ್ವು. ಗುಲಾಬಸಾಬ ಒಂದೊಂದ ತಿರುಪು ಬಿಚ್ಚಿ, ಚಿಮಣಿ ಎಣ್ಣ್ಯಾಗ ತೊಳದು, ಬಿಚ್ಚಿದ ಸಾಲಿನಾಗ ಗೋಣಿತಟ್ಟಿನ ಮ್ಯಾಲ ಹಚ್ಚಿಟ್ಟ. ರೇಲ್ವೆ ಕಾರಖಾನ್ಯಾಗ ಫಿಟರ್ ಇದ್ದ ಮಕಬೂಲಸಾಬ ಸೂಟಿ ದಿನ ಬಂದು, ಪಿಸ್ಟನ್ನಿಗೆ ಬಳಿ ಕೂಡಿಸೂದು, ಕಿಡಿ ಹಾರಸೋ ಡಬ್ಬಿ ಬಿಸಲಿಗೆ ಒಣಗಸೂದು ಕಲಿಸಿಕೊಟ್ಟ. ಬುಟ್ಟಿ ಕಿತ್ತು ಒಗದು, ಹಳೇ ಟಾಂಗಾದ ಹಲಗೀಲೆ ಪೆಟ್ಟಿಗಿ ಮಾಡಿ, ಕೆಳಗ ಟಾಂಗಾದ್ದ ಸ್ಪ್ರಿಂಗು ಹಾಕಿದ. ಸಾವಕಾರಗ ಬೇಕಾಗಿದ್ದೂ ಸಾಮಾನಿನ ಪೆಟ್ಟಿಗಿನ, ಮೇಮಸಾಬನ ಕುರ್ಚಿ ಅಲ್ಲ.

ಒಂದು ಸಂಜೀಕ ಇಂಜನ್ನು ಫಟ್ ಅಂತು. ಮತ್ತೊಮ್ಮೆ ಒದ್ದ, ಫಟ್ ಫಟ್ ಫಟ್ ಅಂತ ಓಣಿ ತುಂಬ ಹೊಗಿ. ನಾಯಿ ಓಡಿದ್ವು, ಕೋಳಿ ಮಾಳಿಗಿ ಏರಿದ್ವು, ಮಗ್ಗಲ ಮನಿ ಶೇವಂತೆವ್ವ ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೇ ಹೊರಗ ಬಂದ್ಲು. ರಸೂಲಬಿ ಬಾಗಲ ಮರೀಗೆ ನಿಂತು ಸೆರಗಿನಾಗ ಮುಖಾ ಮುಚ್ಚಿಕೊಂಡು ನಕ್ಕಳು, ಅತ್ತಳು. ಅಷ್ಟು ಖುಷಿ ಆಗಿತ್ತು ಆಕಿಗೆ.

ಉಳಿದದ್ದು ಪಟ್ಟಾ ಒಂದ. ಇಂಜನ್ನಿನ ಜೋರು ಹಿಂದಿನ ಗಾಲಿಗೆ ಮುಟ್ಟಸೂದು ಆ ಪಟ್ಟಾನ. ವಿಲಾಯತಿ ಪಟ್ಟಾ ಹರದು ಚಿಂದಿ ಆಗಿತ್ತು, ಹೊಸಾದು ಈ ಸೀಮ್ಯಾಗ ಸಿಗಂಗಿಲ್ಲ. ತೊಗಲಿಂದು ಅಂದ ಮ್ಯಾಲ ಅದು ನಮ್ಮ ಕೆಲಸಾನ ಅಂದ್ಲು ರಸೂಲಬಿ. ಹೊಲಿಗ್ಯಾಗ ಗಂಡನಕಿಂತ ಆಕಿ ಕೈ ನೆಟ್ಟಗ. ಇದನ್ನ ಗುಲಾಬಸಾಬನೂ ಒಪ್ಪತಿದ್ದ, ಗಿರಾಕಿ ಮುಂದ ಮಾತ್ರ ಅಲ್ಲ. ಎಮ್ಮಿ ತೊಗಲಿನ ನಾಕು ಪದರ ಕೂಡಿಸಿ, ಅಂಚು ಇಳಿಜಾರ ಕೊಯ್ದು, ರಾಳ-ಮೇಣ ತಿಕ್ಕಿದ ದಾರಲೇ ಎಂಟು ದಿನ ಕೂತು ಹೊಲದ್ಲು. ಮುಗದದ್ದ ಶುಕ್ರವಾರ ಸಂಜೀಕ. ಗುಲಾಬಸಾಬ ಅದನ್ನ ಕಣ್ಣಿಗೊತ್ತಿ ಗಾಡಿಗೆ ಏರಿಸಿ ಬಿಗದ.

ತಪ್ಪು ನಡದದ್ದು ಶನಿವಾರ ನಸಕಿನ್ಯಾಗ, ಅಂವ ನಮಾಜಿಗೆ ಹೋದಾಗ. ಆ ಮನ್ಯಾಗ ಅತ್ತಿಯ ಅತ್ತಿ ಕಾಲದಿಂದ ಒಂದು ಪದ್ಧತಿ ಇತ್ತು. ಯಾವ ತೊಗಲೂ ಉಪಾಸ ಹೊಸ್ತಿಲಾ ದಾಟಬಾರದು. ಲಗಾಮಿರಲಿ, ಜೀನಿರಲಿ, ಗಿರಾಕಿ ಕೈಗೆ ಕೊಡೂಕಿಂತ ಮೊದಲ ಔಡಲ ಎಣ್ಣಿ ಉಣಿಸೇ ಕಳಸಬೇಕು. ಎಣ್ಣಿ ಕುಡದ ತೊಗಲು ಸೀಳಂಗಿಲ್ಲ, ಮಾಲಕಗ ಬರ್ಕತ್ತು, ಏಳಿಗಿ ಆಗತೈತಿ ಅಂತ ನಂಬಿಕಿ. ರಸೂಲಬಿ ಬಿಸ್ಮಿಲ್ಲಾ ಅಂದು, ಬಟ್ಟಲದಾಗ ಎಣ್ಣಿ ಬೆಚ್ಚಗ ಮಾಡಿ, ಗಾಲಿ ತಿರುವಿಕೋತ ಪಟ್ಟಾದ ಒಳಮೈ ಹೊರಮೈ ತಿಕ್ಕಿ ತಿಕ್ಕಿ ಉಣಿಸಿದ್ಲು. ಅರಿವಿಲೇ ಒರಸಿ ಹೊಳಪು ತಂದ್ಲು. ಗಂಡ ಊರಾಗ ಉಳೀಲಿ ಅಂತ ತನ್ನ ಕೈಲಾದ್ದೆಲ್ಲಾ ಮಾಡಿದೆ ಅಂತ ಆಕಿಗೆ ಸಮಾಧಾನ.

ಅಂಗಡಿ ಧಾರವಾಡ ರಸ್ತಾಕ್ಕ ಹತ್ತಿಕೊಂಡ ಇತ್ತು. ಎಂಟಕ್ಕ ಮೋಟಾರು ಬಂದು ಅಲ್ಲೇ ನಿಂತಿತು. ಡ್ರೈವರ್ ಮೈಲಾರಪ್ಪ ಮೀಸಿ ತಿರುವಿಕೋತ ಕೂತಿದ್ದ, ಮುಂದಿನ ಸೀಟಿನಾಗ ಮಹಾದೇವಪ್ಪ. ಇಪ್ಪತ್ತು ಮಂದಿ ಪ್ಯಾಸೆಂಜರು ಕುತಿಗಿ ಹೊರಗ ಹಾಕಿದ್ರು, ಓಣಿಗೆ ಓಣಿನ ನೆರದಿತ್ತು. ಗುಲಾಬಸಾಬ ಒದ್ದ. ಇಂಜನ್ನು ಒಂದ ಏಟಿಗೆ ಚಾಲೂ. ಗೇರ್ ಹಾಕಿ ಜೋರು ಕೊಟ್ಟ. ಇಂಜನ್ನು ಒದರಿತು, ಹೊಗಿ ಉಗುಳಿತು, ಗಾಡಿ ಮಾತ್ರ ನಿಂತಲ್ಲೇ. ಮತ್ತಷ್ಟು ಜೋರು ಕೊಟ್ಟ. ಪಟ್ಟಾದೊಳಗ ಇಂಜನ್ನಿನ ಚಕ್ಕರ ಜಾರಿಕೋತ ತಿರಗತಿತ್ತು, ಗಾಲಿ ಒಂದು ಗೇಣೂ ಸರೀಲಿಲ್ಲ. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಮಹಾದೇವಪ್ಪ ಗಡಿಯಾರ ನೋಡಿದ, ಸಿಟ್ಟು ಮಾಡಲಿಲ್ಲ, ಮುಂಬೈಗೆ ಸುಖವಾಗಿ ಹೋಗಿ ಬಾ ಅಂದು ಮೈಲಾರಪ್ಪಗ ಹೊಂಡಾಕ ಸನ್ನಿ ಮಾಡಿದ. ಬೈದಿದ್ರ ಛಲೋ ಇತ್ತು.

ಮೋಟಾರಿನ ಧೂಳು ಇಳಿಯೂತನಕ ಗುಲಾಬಸಾಬ ಹಂಗ ನಿಂತ. ಆಮ್ಯಾಲ ಪಟ್ಟಾಕ್ಕ ಬೆರಳು ಹಚ್ಚಿದ, ಮೂಗಿಗೆ ಹಿಡದ, ಹೇಣ್ತಿ ಕಡೆ ನೋಡಿದ. ಎಣ್ಣಿ ನಾ ಹಚ್ಚಿದೆ ಅಂದ್ಲು ರಸೂಲಬಿ. ಅಂವ ಅಂಗಡಿ ಕಟ್ಟಿ ಮ್ಯಾಲ ಕೂತು ತಲಿ ಕೆಳಗ ಹಾಕಿದ. ತನ್ನ ಕೈಯಾರೆ ಗಂಡನ್ನ ಮುಂಬೈ ಗಾಡಿ ಹತ್ತಿಸಿದೆ ಅಂತ ಆಕಿ ಜೀವ ಹಿಂಡಿತು. ತನ್ನ ಕೈ ಕಡದು ಒಗೀಲೇನು ಅನ್ನಿಸ್ತು.

ಆದ್ರ ಆಕಿ ಅಳಕೋತ ಕೂಡೂ ಪೈಕಿ ಅಲ್ಲ. ಎಣ್ಣಿ ಹೆಚ್ಚಾಗಿ ಲಗಾಮು ಕೈಯಾಗ ಜಾರತೈತಿ ಅಂತ ಟಾಂಗಾದವ್ರು ತಿರುಗಿ ತಂದಾಗ ಏನ ಮಾಡತಿದ್ವಿ? ಜ್ವಾಳದ ಹಿಟ್ಟಿಲೆ ಎಣ್ಣಿ ಹೀರಿಸಿ, ಬೂದೀಲೆ ತಿಕ್ಕಿ, ಮ್ಯಾಲ ರಾಳದ ಪುಡಿ. ಆಕಿ ಒಳಗ ಓಡಿ ಹಿಟ್ಟಿನ ಡಬ್ಬಿ, ಒಲಿ ಬೂದಿ, ದಾರಕ್ಕ ತಿಕ್ಕೋ ರಾಳದ ಉಂಡಿ ತಂದು ಗಂಡನ ಮುಂದ ಸುರದ್ಲು.

"ಎಂಟರ ಮೋಟಾರಿಗಿಂತ ಮೊದಲ ಮುಟ್ಟಬೇಕು ಅಂದಾರ ಸಾವಕಾರ್ರು. ಅದರ ಕೂಡೇ ಬಿಡಬೇಕು ಅಂದಿಲ್ಲ. ಏಳ್ರಿ," ಅಂದ್ಲು.

ಗುಲಾಬಸಾಬ ಎದ್ದ. ಅಂವ ಅರಿವ್ಯಾಗ ಪೆಟ್ರೋಲ್ ಹಾಕಿ ಒರಸಿದ, ಆಕಿ ಹಿಟ್ಟು ಸವರಿದ್ಲು, ಶೇವಂತೆವ್ವ ಕರೀದಿದ್ರೂ ಬಂದು ರಾಳ ಕುಟ್ಟಿ ಪುಡಿ ಮಾಡಿ ಚೀಲದಾಗ ತುಂಬಿ ಕೊಟ್ಲು. ಇಪ್ಪತ್ತು ಮಿನಿಟಿನಾಗ ಪಟ್ಟಾ ಒಣಗಿತು. ಆದ್ರ ಒಳಗ ಕುಡದ ಎಣ್ಣಿ ಬಿಸಿಗೆ ಮತ್ತ ಮ್ಯಾಲ ಬರೂದ. ಯಾರಾರ ಬಗಲಾಗ ಕೂತು ದಾರಿ ತುಂಬ ರಾಳ ಉದುರಿಸಬೇಕು. ಯಾರು ಅಂತ ಗಂಡ ಕೇಳೂದ್ರಾಗ ರಸೂಲಬಿ ಪೆಟ್ಟಿಗ್ಯಾಗ ಕೂತಾಗಿತ್ತು. ಬುರ್ಖಾ ಪಟ್ಟಾದಾಗ ಸಿಕ್ಕರ ಇಬ್ಬರ ಕಥಿನೂ ಮುಗೀತು ಅಂತ ಅದನ್ನ ಸುತ್ತಿ ತೊಡಿ ಕೆಳಗ ಒತ್ತಿಕೊಂಡ್ಲು. ಹುಡುಗೂರನ್ನ ನಾ ನೋಡಕೋತೇನಿ, ನೀ ಹೋಗವಾ ಅಂತ ಶೇವಂತೆವ್ವ ಕೂಗಿದ್ದು ಅರ್ಧಾನ ಕೇಳಿಸ್ತು, ಯಾಕಂದ್ರ ಗಾಡಿ ಜಿಗದು ರಸ್ತಾಕ್ಕ ಬಿದ್ದಿತ್ತು.

ಹೊಂಟತ್ರಿ ಗಾಡಿ! ಹುಬ್ಬಳ್ಳಿ ಹಿಂದ ಬಿತ್ತು, ಉಣಕಲ್ ಕೆರಿ ಬಂತು, ಹೋತು. ಗಾಳಿಗೆ ಕಣ್ಣಾಗ ನೀರು, ಬಾಯಾಗ ಧೂಳು, ತೆಗ್ಗಿಗೊಮ್ಮೆ ಪೆಟ್ಟಿಗಿ ಹಾರಿ ಬಿದ್ರ ನಡಾ ಮುರಿಯೂದೊಂದ ಬಾಕಿ. ರಸೂಲಬಿ ಒಂದು ಕೈಲೆ ಹಲಗಿ ಹಿಡದು, ಇನ್ನೊಂದು ಕೈಲೆ ಚಿವುಟಿ ಚಿವುಟಿ ರಾಳ ಉದುರಸತಿದ್ಲು. ಮೊದಲ ಅಂಜಿಕಿ ಆತು. ಭೈರಿದೇವರಕೊಪ್ಪ ದಾಟೂದ್ರಾಗ ಅಂಜಿಕಿ ಎಲ್ಲಿ ಹೋತೋ ಏನೋ, ಇನ್ನಷ್ಟು ಜೋರು ಬಿಡ್ರಿ ಅಂತ ಆಕಿನ ಗಂಡನ ತೋಳು ತಟ್ಟಿದ್ಲು. ಎದುರು ಬರೋ ಚಕ್ಕಡಿ ಎತ್ತು ಬೆದರಿ ಹೊಲಕ್ಕ ಇಳದ್ವು, ಚಕ್ಕಡಿಯಾಂವ ಇವರ ಏಳು ತಲಿಮಾರಿಗೆ ಬೈದ. ಇಬ್ಬರೂ ನಕ್ಕರು. ಎಷ್ಟು ತಿಂಗಳಿಂದ ಆ ಮನ್ಯಾಗ ನಗೀನ ಇದ್ದಿಲ್ಲ.

ನವಲೂರ ಏರಿನಾಗ ಮೋಟಾರು ಕಂಡಿತು. ಅದೂ ಮುಕ್ಕರಿಕೋತ ಏರತಿತ್ತು. ಅಲ್ಲೇ ಪಟ್ಟಾ ಮತ್ತ ಜಾರಾಕ ಹತ್ತಿತು. ಇಂಜನ್ನಿನ ದನಿ ಏರಿತು, ಗಾಡಿ ಓಟ ಇಳೀತು. ರಸೂಲಬಿ ಚೀಲಾ ತಿರುವಿ ಉಳಿದ ರಾಳಾ ಎಲ್ಲಾ ಮುಷ್ಟಿಗೆ ತಗೊಂಡು, ಪೆಟ್ಟಿಗಿಯಿಂದ ಅರ್ಧಾ ಮೈ ಹೊರಗ ಹಾಕಿ, ಪಟ್ಟಾ ಚಕ್ಕರಕ್ಕ ಕಚ್ಚೂ ಜಾಗಾಕ್ಕ ಸುರದ್ಲು. ಬೆರಳು ಒಂದು ಅಂಗುಲ ಮುಂದ ಹೋಗಿದ್ರ ಬೆರಳು ಇರತಿದ್ದಿಲ್ಲ. ಪಟ್ಟಾ ಕಿರ್ ಅಂತ ಕಚ್ಚಿತು. ಗಾಡಿ ಹಿಂದಿನಿಂದ ಯಾರೋ ನೂಕಿದಂಗ ಮುಂದ ಹಾರಿತು. ಮೈಲಾರಪ್ಪ ರಸ್ತಾದ ನಡುವ ಅಡ್ಡ ಹಿಡದ, ದಾರಿ ಬಿಡಂಗಿಲ್ಲ ಅಂತ. ಗುಲಾಬಸಾಬ ಪ್ಯಾರಲ ಹಣ್ಣಿನ ತ್ವಾಟದ ಬೇಲಿ ಕಡೆ ಇಳಿಸಿ, ಮಣ್ಣಾಗ ಪೆಟ್ಟಿಗಿ ಗಾಲಿ ಎದ್ದು ಬಿದ್ದು ಹೊರಳಿದ್ರೂ ಗಾಡಿ ಮುಂದ ತಂದ. ಮುಂಜಾನೆ ನಕ್ಕ ಪ್ಯಾಸೆಂಜರ ಈಗ ಶೀಟಿ ಹೊಡದು ಚಪ್ಪಾಳಿ ತಟ್ಟಿದ್ರು.

ಧಾರವಾಡದ ಸ್ಟ್ಯಾಂಡಿನಾಗ ಇವರು ಇಳದು ಮುಖದ ಧೂಳು ಒರಿಸಿಕೊಂಡ ಮ್ಯಾಲ ಮೋಟಾರು ಬಂತು. ಮಹಾದೇವಪ್ಪ ಇಳದು ನೆಟ್ಟಗ ಫಟಫಟಿ ಹಂತೇಕ ಬಂದ. ಪಟ್ಟಾ ಮುಟ್ಟಿದ, ರಾಳದ ಪುಡಿ ತಿಕ್ಕಿ ನೋಡಿದ. ಮುಂಜಾನೆ ಏನಾಗಿತ್ತು ಅಂತ ಕೇಳಿದ.

"ನನ್ನ ಗಲತಿರಿ ಸಾವಕಾರ್ರ. ಪಟ್ಟಾ ನೋಡಲಾರದ ಹಾಕಿದ್ದೆ," ಅಂದ ಗುಲಾಬಸಾಬ.

ಸಾವಕಾರನ ಮುಖಾ ಸಣ್ಣದಾತು. ಗೆದ್ದಿ, ಖರೇ. ಆದ್ರ ನೋಡಲಾರದ ಹಾಕೋ ಮಿಸ್ತ್ರಿ ಕೈಯಾಗ ಇಪ್ಪತ್ತು ಮಂದಿ ಜೀವ ಹೆಂಗ ಕೊಡ್ಲಿ ಅಂತ ತಲಿ ಅಲ್ಲಾಡಿಸಿದ. ಬಾಯಿ ಬಿಟ್ರ ಬಣ್ಣಗೇಡು ಅಂತ ರಸೂಲಬಿಗೆ ತವರಮನ್ಯಾಗ ಹೇಳಿ ಕಳಿಸಿದ್ರು. ಪರಗಂಡಸರ ಮುಂದ ಆಕಿ ದನಿ ಯಾರೂ ಕೇಳಿದ್ದಿಲ್ಲ. ಆದ್ರ ಬಾಯಿ ಬಿಡದಿದ್ರ ನಾಳೆ ಗಂಡ ಮುಂಬೈ ಗಾಡಿ ಹತ್ತೂದ. ಆಕಿ ಮುಂದ ಬಂದು ನಿಂತ್ಲು.

"ಅವ್ರು ನೋಡೇ ಹಾಕಿದ್ರು. ಆಮ್ಯಾಲ ಎಣ್ಣಿ ಹಚ್ಚಿದಾಕಿ ನಾ. ಜೀನಿಗೆ ಹಚ್ಚಿದಂಗ ಹಚ್ಚಿದೆ. ಜೀನು ಬ್ಯಾರೆ, ಪಟ್ಟಾ ಬ್ಯಾರೆ ಅಂತ ಈಗ ತಿಳೀತು. ತಪ್ಪು ನಂದು ಸಾವಕಾರ್ರ, ಅವ್ರನ್ನ ಮುಂಬೈಗೆ ಕಳಸಬ್ಯಾಡ್ರಿ."

ಮಹಾದೇವಪ್ಪ ಒಮ್ಮೆ ಆಕಿನ್ನ, ಒಮ್ಮೆ ಗುಲಾಬಸಾಬನ್ನ ನೋಡಿದ. ಕುಣಿಯಾಕ ಬರಲಾರದ ಅಂಗಳ ಡೊಂಕು ಅನ್ನೋ ಮಂದಿನ ಅವನ ಶೆಡ್ಡಿನ ತುಂಬ. ಮೋಟಾರು ಕೆಟ್ರ ರಸ್ತಾ ಕೆಟ್ಟೈತಿ ಅಂತಾರ, ಪೆಟ್ರೋಲ್ ಕೆಟ್ಟೈತಿ ಅಂತಾರ, ಅಮಾಸಿ ಅಂತಾರ. ತಪ್ಪು ನಂದು ಅಂದವ್ರನ್ನ ಅಂವ ಇವತ್ತ ಮೊದಲ ಕಂಡಿದ್ದ, ಅದೂ ಇಬ್ಬರನ್ನ, ಒಂದ ಮಿನಿಟಿನಾಗ.

"ಸೋಮವಾರ ಬಾ, ಮಿಸ್ತ್ರಿ," ಅಂದ. ಮೋಟಾರಿನ ಫ್ಯಾನಿಗೂ ಎರಡು ಪಟ್ಟಾ ಹೊಲದು ಕೊಡವಾ, ಎಣ್ಣಿ ಮಾತ್ರ ಬ್ಯಾಡ ಅಂತ ರಸೂಲಬಿಗೂ ಹೇಳಿದ.

ರಸೂಲಬಿ ಸ್ಟ್ಯಾಂಡಿನ ಧೂಳಿನ್ಯಾಗ ಕೂತು, ಅಷ್ಟು ಮಂದಿ ಮುಂದ, ನಾಚಿಕಿ ಬಿಟ್ಟು ಅತ್ತಳು. ಗುಲಾಬಸಾಬ ಹಂತೇಕ ಕೂತು ಏನು ಮಾಡಬೇಕು ತಿಳೀದ ಆಕಿ ಕೈಯಾನ ರಾಳ ಒರಿಸಿದ. ಸಾವಕಾರ ಅದನ್ನ ನೋಡಿದ. ತಿರುಗಿ ಹೋಗೂಮುಂದ ಈ ತಂಗೀನ್ನ ನನ್ನ ಸೀಟಿನಾಗ ಕೂಡಿಸಿಕೊಂಡು ಹೋಗು ಅಂತ ಮೈಲಾರಪ್ಪಗ ಅಪ್ಪಣಿ ಕೊಟ್ಟ.

ರಸೂಲಬಿ ಕಣ್ಣು ಒರಿಸಿಕೊಂಡು ಎದ್ಲು. ಮೋಟಾರು ನೋಡಿದ್ಲು, ಆಮ್ಯಾಲ ಪೆಟ್ಟಿಗಿ ನೋಡಿದ್ಲು.

"ಬ್ಯಾಡ್ರಿ ಸಾವಕಾರ್ರ, ನಿಮ್ಮ ಮೋಟಾರು ಭಾಳ ಸಾವಕಾಶ ಹೋಗತೈತಿ," ಅಂದು ಪೆಟ್ಟಿಗಿ ಹತ್ತಿ ಕೂತು, ಗಂಡನ ಕಡೆ ತಿರಗಿದ್ಲು. "ನಡೀರಿ, ಹುಡುಗೂರು ಹಾದಿ ನೋಡತಿರ್ತಾವು. ಮನಿಗೆ ಹೋಗೂಣು."